ಬೇರೆ ಯಾರೂ ಇರಲಿಲ್ಲ ಎಂದು ಬರೆದವಳ ಸ್ವೀಡನ್ ಪ್ರವಾಸ

ಹೊರಡುವ ಮೊದಲು, ಪೀಣ್ಯ

ಸ್ವೀಡನ್ನಿಗೆ ಹೋಗಬೇಕಾಗಿದ್ದವರು ನಮ್ಮ ಪ್ರಕಾಶ್ ಸಾರ್. ಅವರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡದ್ದರಿಂದ ನಾನು ಹೋದೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಮುಂದೆ ಎಲ್ಲಾದರೂ ನಾನು ಪಾಂಡಿತ್ಯದ ಮಾತಾಡಿದರೆ ಓದುವವರು ಎಷ್ಟು ನಂಬಬೇಕೋ ಅಷ್ಟೇ ನಂಬುತ್ತಾರೆ. ಕಚೇರಿಯಲ್ಲಿ ಸಾರ್ ಬಿಟ್ಟರೆ ಪಾಸ್‌ಪೋರ್ಟ್ ಇದ್ದವಳು ನಾನೊಬ್ಬಳೇ. ತಂಗಿಯ ಬಾಣಂತನಕ್ಕೆ ಮಸ್ಕತ್ತಿಗೆ ಹೋಗಬೇಕೆಂದು ಮಾಡಿಸಿದ್ದೆ. ಹೆರಿಗೆಗೆ ಅವಳೇ ಊರಿಗೆ ಬಂದದ್ದರಿಂದ ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಹೊಸದಾಗಿಯೇ ಉಳಿದಿತ್ತು.

ನಮ್ಮದು ಸಮೀಕ್ಷೆ ಮಾಡುವ ಸಣ್ಣ ಸಂಸ್ಥೆ. ಜನ ನೀರನ್ನು ಹೇಗೆ ಬಳಸುತ್ತಾರೆ, ಕಸವನ್ನು ಎಲ್ಲಿ ಹಾಕುತ್ತಾರೆ, ಹೊರಗಿನಿಂದ ಬಂದವರನ್ನು ಹಳಬರು ಎಷ್ಟರ ಮಟ್ಟಿಗೆ ತಮ್ಮವರೆಂದುಕೊಳ್ಳುತ್ತಾರೆ ಎಂಬುದನ್ನೆಲ್ಲ ಮನೆಮನೆಗೆ ಹೋಗಿ ಕೇಳಿ, ಹಾಳೆಯಲ್ಲಿ ತುಂಬಿಕೊಂಡು ಬರುವುದು ನನ್ನ ಕೆಲಸ. ಕೇಳುವುದು ನಾವು, ಅರ್ಥ ಹೇಳುವುದು ದೊಡ್ಡವರು. ಆ ವರ್ಷ ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದವರ ಜೊತೆ ಸೇರಿ ಪೀಣ್ಯದ ಸುತ್ತಲಿನ ವಠಾರಗಳಲ್ಲಿ ನೀರಿನ ಸಮೀಕ್ಷೆ ಮಾಡಿದ್ದೆವು. ಮೆಟ್ರೊ ಇನ್ನೂ ಓಡುತ್ತಿರಲಿಲ್ಲ, ಕಂಬಗಳು ಮಾತ್ರ ಎದ್ದು ನಿಂತಿದ್ದವು. ವಠಾರವೆಂದರೆ ಗೊತ್ತೇ ಇದೆ: ಮುಂದೆ ಓನರ್ ಮನೆ, ಹಿಂದೆ ಸಾಲಾಗಿ ಒಂಟಿ ರೂಮುಗಳು, ನಡುವಿನ ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ರೂಮುಗಳಲ್ಲಿರುವವರು ಹೆಚ್ಚಿನವರು ಯಾದಗಿರಿ, ರಾಯಚೂರು, ಕಲಬುರ್ಗಿ ಕಡೆಯಿಂದ ಕೆಲಸಕ್ಕೆ ಬಂದವರು.

ಈ ಸಮೀಕ್ಷೆಗೆ ಒಂದು ನಿಜವಾದ ಕೆಲಸವೂ ಅಂಟಿಕೊಂಡಿತ್ತು. ನೀರಿಗೆ ತೀರಾ ಕಷ್ಟವಿರುವ ಕೆಲವು ಬೀದಿಗಳಲ್ಲಿ, ಯಾರು ಬೇಕಾದರೂ ಬಂದು ಹಿಡಿದುಕೊಳ್ಳುವಂಥ ಟ್ಯಾಂಕು ಇಟ್ಟು, ದಿನಾ ತುಂಬಿಸುವ ಏರ್ಪಾಡು. ಯಾವ ಬೀದಿಗೆ ಎನ್ನುವುದನ್ನು ನಮ್ಮ ಹಾಳೆಗಳು ತೀರ್ಮಾನಿಸಬೇಕು. ಹಾಳೆಗಳನ್ನೆಲ್ಲ ಕೂಡಿಸಿ ನೋಡಿದಾಗ ವಠಾರಗಳ ಬೀದಿಗಳು ಪಟ್ಟಿಯಿಂದ ಬಿದ್ದುಹೋದವು. ಅಲ್ಲಿ ಯಾರಿಗೂ ನೀರಿನ ತೊಂದರೆಯೇ ಇರಲಿಲ್ಲ! ನೀರು ಎಷ್ಟರ ಮಟ್ಟಿಗೆ ಸಾಕಾಗುತ್ತದೆ ಎಂದು ಕೇಳಿದ್ದಕ್ಕೆ ಎಲ್ಲರೂ ಐದಕ್ಕೆ ಐದು ಅಂಕ ಕೊಟ್ಟಿದ್ದರು.

ಬಸಮ್ಮನೂ ಐದೇ ಕೊಟ್ಟಿದ್ದಳು. ಸುರಪುರದ ಕಡೆಯವಳು, ನಟ್ಟು ಬೋಲ್ಟು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸ. ನಾನು ಹೋದಾಗ ರೂಮಿನ ಮುಂದೆ ಖಾಲಿ ಕೊಡಗಳ ನಡುವೆ ಕೂತಿದ್ದಳು. ಓನರ್ ಗೌರಮ್ಮನವರು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನನಗೆ ಕಾಫಿ ಕೊಟ್ಟರು, ಕೂರಲು ತಮ್ಮ ಮನೆಯ ಕುರ್ಚಿ ತರಿಸಿದರು. ನೀರು ಸಾಕಾಗುತ್ತದೆಯೇ ಎಂದು ಕೇಳಿದೆ. "ಸಾಕಾಗ್ತೈತ್ರಿ, ಏನೂ ತೊಂದ್ರಿ ಇಲ್ರಿ" ಎಂದಳು ಬಸಮ್ಮ. ಐದು ಎಂದು ಬರೆದುಕೊಂಡು ಪಕ್ಕದ ರೂಮಿಗೆ ಹೋದೆ. ಆ ದಿನ ನನಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು.

"ಜಯಾ ಅವ್ರೇ, ನೀವೇನೂ ತಲೆ ಕೆಡಿಸ್ಕೋಬೇಡಿ" ಎಂದರು ಪ್ರಕಾಶ್ ಸಾರ್, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು. "ಸ್ಲೈಡ್ ಎಲ್ಲಾ ರೆಡಿ ಇದೆ. ಅವರ ಮೀಟಿಂಗಲ್ಲಿ ನಿಧಾನವಾಗಿ ಓದಿ, ಥ್ಯಾಂಕ್ಯೂ ಹೇಳಿ, ಬಂದ್ಬಿಡಿ."

ಸಮುದ್ರದ ಮೇಲಿನ ರೈಲು

ವಿಮಾನ ಇಳಿಯುವುದು ಡೆನ್ಮಾರ್ಕಿನಲ್ಲಿ, ಹೋಗಬೇಕಾದ್ದು ಸ್ವೀಡನ್ನಿಗೆ. ನಡುವೆ ಸಮುದ್ರ. ಅದರ ಮೇಲೆ ಸೇತುವೆ ಕಟ್ಟಿ ರೈಲು ಬಿಟ್ಟಿದ್ದಾರೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವುದು ಜಾಲಹಳ್ಳಿ ಕ್ರಾಸಿನಿಂದ ಮೆಜೆಸ್ಟಿಕ್ಕಿಗೆ ಹೋಗುವುದಕ್ಕಿಂತ ಬೇಗ ಮುಗಿಯಿತು. ಅಷ್ಟರಲ್ಲೇ ನಾನು ಮೊದಲ ತಪ್ಪು ಮಾಡಿ ಮುಗಿಸಿದ್ದೆ.

ಸಮುದ್ರ ಕಂಡ ಉತ್ಸಾಹಕ್ಕೆ ಮನೆಗೆ ಫೋನ್ ಮಾಡಿದೆ. ಅತ್ತೆಗೆ ಕಿವಿ ಸ್ವಲ್ಪ ಮಂದ. ಆದ್ದರಿಂದ ಕೂಗಿ ಹೇಳಬೇಕು. ವಿಮಾನದಲ್ಲಿ ಉಪ್ಪಿನಕಾಯಿ ಡಬ್ಬಿ ಸೋರಿದ್ದು, ನೀಲಿ ಸೀರೆಗೆ ಎಣ್ಣೆ ಹತ್ತಿದ್ದು, ಎರಡನ್ನೂ ವಿವರವಾಗಿ ಹೇಳಿದೆ. ಎದುರಿನ ಸಾಲಿನ ಮುದುಕರೊಬ್ಬರು ನನ್ನ ಕಡೆ ನೋಡಿ, ಬಹಳ ವಿನಯದಿಂದ, ಕಿಟಕಿಯ ಮೇಲಿನ ಒಂದು ಚಿತ್ರವನ್ನು ಬೆರಳಿನಿಂದ ತೋರಿಸಿದರು. ಫೋನಿನ ಚಿತ್ರ, ಅದರ ಮೇಲೆ ಅಡ್ಡಗೆರೆ. ಇಡೀ ಬೋಗಿಯೇ ಮಾತಾಡದವರ ಬೋಗಿಯಂತೆ. ಸುತ್ತ ನೋಡಿದರೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನೋಡದೆ ಇರುವುದರಲ್ಲೂ ಒಂದು ಬಗೆಯ ಬೈಗುಳ ಇರುತ್ತದೆಂದು ನನಗೆ ಆಗಲೇ ಗೊತ್ತಾದದ್ದು.

ಇನ್ನೊಂದು ವಿಚಿತ್ರ. ಸೀಟುಗಳು ಜೋಡಿ ಜೋಡಿಯಾಗಿದ್ದರೂ ಪ್ರತಿ ಜೋಡಿಯಲ್ಲಿ ಒಬ್ಬರೇ ಕೂತಿದ್ದರು. ಹೊಸದಾಗಿ ಹತ್ತಿದವರು ಪೂರ್ತಿ ಖಾಲಿ ಜೋಡಿ ಹುಡುಕಿಕೊಂಡು ಬೋಗಿಯ ಆ ತುದಿಯವರೆಗೂ ನಡೆದರು, ಸಿಗದಿದ್ದಾಗ ಬಾಗಿಲ ಹತ್ತಿರ ನಿಂತರು. ನನ್ನ ಪಕ್ಕದಲ್ಲಿ ನನ್ನ ಚೀಲ ಮಾತ್ರ ಕೂತಿತ್ತು. ನಮ್ಮ ಬಸ್ಸಿನಲ್ಲಾದರೆ ಇಬ್ಬರ ಸೀಟಿನಲ್ಲಿ ಮೂರನೆಯವರು ಬಂದು "ಒಂಚೂರು ಸರ್ಕೊಳ್ಳಿ ಅಕ್ಕ" ಎನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡ. ಬಸ್ ಸ್ಟಾಪಿನಲ್ಲೂ ಅದೇ. ಒಬ್ಬರಿಂದ ಒಬ್ಬರಿಗೆ ಒಂದು ಮಾರು ಬಿಟ್ಟು ನಿಂತಿದ್ದರು. ನಾನು ಅಭ್ಯಾಸಬಲದಿಂದ ಒಬ್ಬ ಹೆಂಗಸಿನ ಹತ್ತಿರ ಹೋಗಿ ನಿಂತೆ. ಆಕೆ ಎರಡು ಹೆಜ್ಜೆ ಸರಿದಳು. ನನಗೆ ದಾರಿ ಬಿಟ್ಟಳೆಂದುಕೊಂಡು ನಾನೂ ಎರಡು ಹೆಜ್ಜೆ ಮುಂದೆ ಹೋದೆ. ಬಸ್ಸು ಬರುವಷ್ಟರಲ್ಲಿ ನಾವಿಬ್ಬರೂ ಸ್ಟಾಪ್ ದಾಟಿ ಬಹಳ ಮುಂದೆ ಬಂದಿದ್ದೆವು.

ಮೊದಲನೇ ದಿನ, ನೆಲಮಾಳಿಗೆ

ಅತಿಥಿಗಳಿಗೆಂದು ವಿಶ್ವವಿದ್ಯಾಲಯದವರು ಒಂದು ವಸತಿ ಕಟ್ಟಡದಲ್ಲಿ ಕೋಣೆ ಇಟ್ಟಿದ್ದರು. ಚೊಕ್ಕವಾದ ಕೋಣೆ. ಕಿಟಕಿಯ ಕೆಳಗೆ ಬಿಸಿ ಕೊಡುವ ಕಬ್ಬಿಣದ ಪಟ್ಟಿ ಇತ್ತು, ಆದರೆ ಅದು ಬಿಸಿ ಕೊಡುತ್ತಿರಲಿಲ್ಲ. ತಿರುಗಣೆಯನ್ನು ಎರಡೂ ಕಡೆಗೆ ತಿರುಗಿಸಿ ನೋಡಿದೆ. ಆಮೇಲೆ ಎರಡು ಸ್ವೆಟರ್ ಹಾಕಿಕೊಂಡು, ನೆಲದ ಜಮಖಾನೆಯನ್ನೂ ಎಳೆದು ಹೊದ್ದುಕೊಂಡು ಮಲಗಿದೆ. ಇಷ್ಟು ದೂರ ಕರೆಸಿಕೊಂಡವರಿಗೆ ಬಂದ ದಿನವೇ ದೂರು ಹೇಳುವುದು ಹೇಗೆ ಎಂದುಕೊಂಡೆ.

ಬೆಳಿಗ್ಗೆ ನೀಲಿ ಸೀರೆ ಒಗೆಯಲು ಹೊರಟೆ. ಅಲ್ಲಿ ಮನೆಮನೆಗೆ ವಾಷಿಂಗ್ ಮೆಷಿನ್ ಇಲ್ಲ. ಇಡೀ ಕಟ್ಟಡಕ್ಕೆ ಸೇರಿ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಒಂದು ಕೋಣೆ ಇದೆ. ಇದನ್ನು ನೋಡಿ ಖುಷಿಯಾಯಿತು. ಇದೂ ಒಂದು ವಠಾರವೇ ಅಲ್ಲವೇ? ಮೆಷಿನ್ ಖಾಲಿ ಇತ್ತು. ಸೀರೆ ಹಾಕಿ ಗುಂಡಿ ಒತ್ತಿ, ಕಾಫಿ ಕುಡಿದು ಬರಲು ಮೇಲೆ ಹೋದೆ. ಬಂದು ನೋಡಿದರೆ ಸೀರೆ ಹೊರಗೆ ಬುಟ್ಟಿಯಲ್ಲಿ ಮಡಿಸಿಟ್ಟಿತ್ತು, ಅದರ ಮೇಲೆ ಒಂದು ಚೀಟಿ. ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಮೂರು ಸಾಲು: ಈ ಹೊತ್ತು ನನ್ನದು. ಗೋಡೆಯ ಫಲಕ ನೋಡಿ. ಮುಂದಿನ ಸಲ ಮೆಷಿನ್ನಿನ ಜಾಲರಿಯಲ್ಲಿ ಕೂತ ಬಟ್ಟೆಯ ನೂಲನ್ನು ತೆಗೆಯಿರಿ.

ಗೋಡೆಯಲ್ಲಿ ನಿಜಕ್ಕೂ ಫಲಕವಿತ್ತು. ಯಾವ ಮನೆಯವರಿಗೆ ಯಾವ ದಿನ, ಯಾವ ಗಂಟೆ ಎಂದು ಪ್ರತಿಯೊಬ್ಬರೂ ಮೊದಲೇ ಗುರುತು ಹಾಕಿಕೊಂಡಿದ್ದರು. ಅದರ ಸುತ್ತ ಇನ್ನೂ ಹತ್ತಾರು ಹಳೆಯ ಚೀಟಿಗಳು. ಒಂದರಲ್ಲಿ ಆಶ್ಚರ್ಯಸೂಚಕ ಚಿಹ್ನೆಗಳೇ ಅರ್ಧ ಸಾಲು. ಸೀರೆ ಹಿಡಿದು ಮೆಟ್ಟಿಲು ಹತ್ತುವಾಗ ಎದುರಿಗೆ ಒಬ್ಬರು ಖಾಲಿ ಬಟ್ಟೆ ಬುಟ್ಟಿ ಹಿಡಿದು ಇಳಿದು ಬಂದರು. ಚೀಟಿ ಬರೆದವರು ಇವರೇ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವರು ಸೌಮ್ಯವಾಗಿ ನಕ್ಕು, "ಹೇಯ್" ಎಂದು ನಮಸ್ಕಾರ ಹೇಳಿ ಹೋದರು. ನಮ್ಮ ಕಡೆ ನಲ್ಲಿಯ ಹತ್ತಿರ ಎಷ್ಟು ಕೊಡ ಉರುಳುತ್ತದೆ, ಯಾರ ಯಾರ ವಂಶ ಹೊರಬರುತ್ತದೆ ಎಂದು ನೆನೆಸಿಕೊಂಡು ನಗು ಬಂತು.

ಚೀಟಿಯನ್ನು ಇಂಗ್ರಿಡ್ ಅವರಿಗೆ ತೋರಿಸಿದೆ. ಸಮೀಕ್ಷೆಯ ಮುಖ್ಯಸ್ಥರು, ದೊಡ್ಡ ಪ್ರೊಫೆಸರ್, ವಯಸ್ಸಿನಲ್ಲಿ ನಮ್ಮಮ್ಮನಷ್ಟು. ಎಲ್ಲರೂ ಅವರನ್ನು ಇಂಗ್ರಿಡ್ ಎಂದೇ ಕರೆಯುತ್ತಿದ್ದರು. ಕಾಫಿ ಲೋಟ ತೊಳೆಯುವವರು ಕೂಡ ಇಂಗ್ರಿಡ್ ಎಂದೇ ಕರೆಯುತ್ತಿದ್ದರು. ನನ್ನ ನಾಲಿಗೆ ಹೊರಳದೆ ಐದು ದಿನವೂ ಮೇಡಂ ಎಂದೇ ಕಳೆದೆ.

ಅವರು ಚೀಟಿ ಓದಿ ಜೋರಾಗಿ ನಕ್ಕರು. "ನೋಡಿ, ನಾವು ಫಲಕವಿಲ್ಲದೆ ಒಂದು ಮೆಷಿನ್ ಹಂಚಿಕೊಳ್ಳಲಾರೆವು. ನಿಮ್ಮ ವಠಾರಗಳಲ್ಲಿ ಹನ್ನೆರಡು ಮನೆಗೆ ಒಂದು ನಲ್ಲಿ. ಫಲಕವಿಲ್ಲ, ಚೀಟಿಯಿಲ್ಲ, ಆದರೂ ಯಾರದೂ ದೂರಿಲ್ಲ. ಹೊರಗಿನಿಂದ ಬಂದವರೂ ಐದಕ್ಕೆ ಐದು ಕೊಟ್ಟಿದ್ದಾರೆ! ನನ್ನ ಹೊಸ ಲೇಖನ ಪೂರ್ತಿ ಇದರ ಮೇಲೆಯೇ ನಿಂತಿದೆ. ನಾವು ನಿಮ್ಮಿಂದ ಕಲಿಯಬೇಕು ಜಯಾ."

ನಾನು ಉಬ್ಬಿಹೋದೆ. ದೇಶದ ಮಾನ ಉಳಿಸಿದವಳಂತೆ ತಲೆಯಾಡಿಸಿ, ನಮ್ಮಲ್ಲಿ ಹೊಂದಾಣಿಕೆ ಜಾಸ್ತಿ ಎಂದೆ.

ಎರಡನೇ ದಿನ, ಊಟದ ಕೋಣೆ

ಆ ಇಲಾಖೆಯಲ್ಲಿ ಎಲ್ಲರೂ ಹನ್ನೊಂದೂವರೆಗೇ ಊಟಕ್ಕೆ ಬರುತ್ತಾರೆ. ಮನೆಯಿಂದ ಡಬ್ಬಿ ತಂದು ಒಂದೇ ಉದ್ದ ಮೇಜಿಗೆ ಕೂರುತ್ತಾರೆ. ನನಗೆಂದು ಬ್ರೆಡ್ಡು, ಬೀಟ್‌ರೂಟು, ತಣ್ಣಗಿನ ಆಲೂಗೆಡ್ಡೆ ತರಿಸಿದ್ದರು. ಮೊದಲ ದಿನವೂ ಇದೇ, ಎರಡನೇ ದಿನವೂ ಇದೇ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಮಾಂಸ ತಿನ್ನುವುದಿಲ್ಲ ಎಂದು ನಾನು ಹೇಳಿದ್ದೆ, ಏನು ತಿನ್ನುತ್ತೇನೆ ಎಂದು ಹೇಳಿರಲಿಲ್ಲ.

ಇಂಗ್ರಿಡ್ ನನ್ನ ಪಕ್ಕದಲ್ಲಿ ಕೂತು ಮೊಟ್ಟೆ ಸುಲಿಯುತ್ತಿದ್ದರು. ಎದುರಿಗೆ ಲೀನಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಂದು ಕೂತಳು. ಹೊರದೇಶದ ಅತಿಥಿಗಳನ್ನು ಇಲಾಖೆ ಹೇಗೆ ನೋಡಿಕೊಳ್ಳುತ್ತದೆ ಎಂದು ಅವಳು ಅಧ್ಯಯನ ಮಾಡುತ್ತಿದ್ದಳಂತೆ. ಕೆಲವು ಪ್ರಶ್ನೆ ಕೇಳಬಹುದೇ ಎಂದಳು. ಹದಿನೇಳು ವರ್ಷ ಬೇರೆಯವರನ್ನು ಕೇಳಿದವಳು ನಾನು, ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಮ್ಮ ಎಂದೆ.

"ಕೋಣೆ ಬೆಚ್ಚಗಿದೆಯೇ? ಒಂದರಿಂದ ಐದರವರೆಗೆ ಅಂಕ ಕೊಡಿ."

"ಐದು."

"ಊಟ ಹಿಡಿಸಿತೇ?"

"ಐದು. ತುಂಬಾ ಚೆನ್ನಾಗಿದೆ."

"ನಿಮ್ಮನ್ನು ನಮ್ಮಲ್ಲೊಬ್ಬರಂತೆ ನೋಡಿಕೊಳ್ಳುತ್ತಿದ್ದೇವೆ ಅನಿಸಿದೆಯೇ?"

"ಐದು."

ಲೀನಾ ಪೆನ್ನನ್ನು ತಡೆದು ಹಿಡಿದಳು. ಆಮೇಲೆ ತನ್ನ ಪ್ರೊಫೆಸರ್ ಕಡೆ ತಿರುಗಿ, ಎಲ್ಲರೂ ಇರುವಾಗಲೇ, ಸಹಜವಾಗಿ ಹೇಳಿದಳು: "ಇಂಗ್ರಿಡ್, ನೀವು ಇಲ್ಲೇ ಕೂತಿದ್ದರೆ ಇವು ನಿಜವಾದ ಉತ್ತರ ಆಗುವುದಿಲ್ಲ. ಆ ಕಿಟಕಿಯ ಹತ್ತಿರ ಹೋಗುತ್ತೀರಾ?"

ನಮ್ಮಲ್ಲಿ ವಿದ್ಯಾರ್ಥಿ ತನ್ನ ಗೈಡಿಗೆ ಹೀಗೆ ಹೇಳಿದರೆ ಅವನ ಪಿಎಚ್‌ಡಿ ಅಲ್ಲಿಗೆ ಮುಗಿಯಿತು. ಇಂಗ್ರಿಡ್ ಮಾತ್ರ, "ಅರೆ, ಹೌದಲ್ಲ" ಎಂದು ಎದ್ದು, ತಟ್ಟೆ ಮತ್ತು ಅರ್ಧ ಸುಲಿದ ಮೊಟ್ಟೆಯನ್ನು ಹಿಡಿದುಕೊಂಡು, ಕೋಣೆಯ ಆ ತುದಿಗೆ ಹೋಗಿ ನಮಗೆ ಬೆನ್ನು ಮಾಡಿ ಕೂತರು. ಲೀನಾ ಹೊಸ ಹಾಳೆ ತೆಗೆದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಕೋಣೆ ಬೆಚ್ಚಗಿದೆಯೇ?"

ಐದು ಎನ್ನಲು ಬಾಯಿ ಬರಲಿಲ್ಲ. "ಒಂದು" ಎಂದೆ. ಹೀಟರ್ ಕೆಲಸ ಮಾಡುತ್ತಿಲ್ಲವೆಂದು ಹೇಳಿದೆ. ಜಮಖಾನೆ ಹೊದ್ದು ಮಲಗಿದ್ದನ್ನೂ ಹೇಳಿದೆ. ಬೀಟ್‌ರೂಟಿನ ವಿಷಯಕ್ಕೆ ಬಂದಾಗ ನನ್ನ ದನಿ ಸ್ವಲ್ಪ ಏರಿತೆಂದು ಕಾಣುತ್ತದೆ. ಕಿಟಕಿಯ ಹತ್ತಿರ ಇಂಗ್ರಿಡ್ ಬೆನ್ನು ನಗುತ್ತಿತ್ತು.

ಲೀನಾ ಹಾಳೆಯ ಕೊನೆಯಲ್ಲಿ ಏನೋ ತುಂಬಿ ಎದ್ದಳು. ಅದೇನೆಂದು ಕೇಳಿದೆ. ತಿರುಗಿಸಿ ತೋರಿಸಿದಳು. ಉತ್ತರ ಹೇಳುವಾಗ ಹತ್ತಿರದಲ್ಲಿ ಬೇರೆ ಯಾರಾದರೂ ಇದ್ದರೇ? ನನಗೆ ಆ ಪ್ರಶ್ನೆಯ ಗುರುತು ಸಿಕ್ಕಿತು. ನಮ್ಮ ಹಾಳೆಯಲ್ಲೂ ಅದು ಇತ್ತು. ನಾನು ತುಂಬಿದ ಒಂದೊಂದು ಹಾಳೆಯಲ್ಲೂ ಅದರ ಮುಂದೆ ಬರೆದದ್ದು "ಇಲ್ಲ".

ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಬೇರೆ ಯಾರಾದರೂ ಎಂದರೆ ನಮ್ಮ ಲೆಕ್ಕದಲ್ಲಿ ಪಾರ್ಟಿಯವರು, ಪೊಲೀಸರು, ದಾರಿಹೋಕರು. ವಠಾರದ ಓನರ್ ಅಮ್ಮ ಬೇರೆಯವರು ಹೇಗಾಗುತ್ತಾರೆ? ಅವರು ಅಲ್ಲಿ ಇದ್ದೇ ಇರುತ್ತಾರೆ, ನಲ್ಲಿ ಇದ್ದ ಹಾಗೆ. ನನ್ನ ಜೊತೆ ಕೆಲಸ ಮಾಡಿದವರೆಲ್ಲರೂ ಹೀಗೇ ಬರೆದಿದ್ದರು. ಆದರೆ ಗೊತ್ತಿರಲಿಲ್ಲ ಎನ್ನುವ ನೆಪವೂ ನನಗೆ ಇರಲಿಲ್ಲ. ಚೊಕ್ಕಸಂದ್ರದಲ್ಲಿ ನಮ್ಮದೂ ಏಳು ರೂಮಿನ ವಠಾರ. ಬಾಡಿಗೆಯವರನ್ನು ಮಾತಾಡಿಸಲು ಯಾರೇ ಬಂದರೂ ನಮ್ಮತ್ತೆ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ನಾನೇ ಎಷ್ಟೋ ಸಲ ಬಂದವರಿಗೆ ಕಾಫಿ ಕೊಟ್ಟಿದ್ದೇನೆ. ನೀರು ಬಿಡುವ ವಾಲ್ವು ಯಾರ ಮನೆಯೊಳಗಿದೆಯೋ ಅವರ ಎದುರಿಗೆ, ನೀರು ಸಾಲದು ಎಂದು ಯಾರು ಹೇಳುತ್ತಾರೆ?

ಮೊಟ್ಟೆ ಹಿಡಿದು ಎದ್ದು ಹೋಗುವಷ್ಟು ಸುಲಭವಾದ ಕೆಲಸವನ್ನು ನಾನು ಹದಿನೇಳು ವರ್ಷದಲ್ಲಿ ಒಮ್ಮೆಯೂ ಯಾರಿಗೂ ಹೇಳಿರಲಿಲ್ಲ. ನಾಚಿಕೆಯಾಯಿತು. ಬಸಮ್ಮನ ಖಾಲಿ ಕೊಡಗಳನ್ನು ನೋಡಿಕೊಂಡೇ ಐದು ಎಂದು ಬರೆದಿದ್ದೆನಲ್ಲ, ಅದಕ್ಕೆ ಹೆಚ್ಚು ನಾಚಿಕೆಯಾಯಿತು. ನನ್ನ ಆ ಐದರಿಂದಾಗಿ ಆ ಬೀದಿಗೆ ಟ್ಯಾಂಕು ಬರುವುದಿಲ್ಲ.

ಅದೇ ದಿನ, ಫೋನು

ಊಟವಾದ ಮೇಲೆ ಹೊರಗೆ ಬಂದು, ಗಾಳಿಗೆ ಬೆನ್ನು ಕೊಟ್ಟು ನಿಂತು ಪ್ರಕಾಶ್ ಸಾರ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ಅಯ್ಯೋ ರಾಮ" ಎಂದರು. "ಇದೆಲ್ಲಾ ಎಲ್ಲಾ ಸರ್ವೇಲೂ ಇರುತ್ತೆ ಕಣ್ರೀ. ಕೊನೇಲಿ ಮಿತಿಗಳು ಅಂತ ಒಂದು ಸ್ಲೈಡ್ ಇದೆ ನೋಡಿ, ಅದರಲ್ಲಿ ಒಂದು ಲೈನ್ ಸೇರಿಸಿ. ಮುಗೀತು."

"ಒಂದು ಲೈನ್ ಸೇರಿಸಿದ್ರೆ ಆ ಬೀದಿಗೆ ಟ್ಯಾಂಕು ಬರುತ್ತಾ ಸಾರ್?"

ಅವರು ಕೆಟ್ಟವರಲ್ಲ. ನನಗೆ ಈ ಕೆಲಸ ಕಲಿಸಿದವರೇ ಅವರು.

"ನೋಡಿ, ಪಟ್ಟಿ ನಾಳೆ ಫೈನಲ್ ಆಗುತ್ತೆ. ಆ ಲೇಡಿ ಪೇಪರ್ ಬರ್ದಾಗಿದೆ. ನಮ್ಮ ಮುಂದಿನ ಪ್ರಾಜೆಕ್ಟೂ ಅವರದ್ದೇ. ನೀವು ಹೋಗಿ ನಮ್ಮ ಡೇಟಾನೇ ಸುಳ್ಳು ಅಂದ್ಬಿಟ್ರೆ, ಯಾರು ನಮ್ಮನ್ನ ಕರೀತಾರೆ ಹೇಳಿ? ಆಫೀಸಲ್ಲಿ ಎಂಟು ಜನ ಇದೀವಿ."

"ಗೊತ್ತು ಸಾರ್."

"ಗೊತ್ತಿದ್ರೆ ಸರಿ. ಸ್ಟೇಜ್ ಮೇಲೆ ನಿಂತಿರೋರು ನೀವು, ನಾನಲ್ಲ" ಎಂದು ಇಟ್ಟರು. ಆ ಮಾತನ್ನು ಅಪ್ಪಣೆ ಎಂದುಕೊಳ್ಳಬೇಕೋ ಎಚ್ಚರಿಕೆ ಎಂದುಕೊಳ್ಳಬೇಕೋ ತಿಳಿಯಲಿಲ್ಲ. ಎಂಟು ಜನರಲ್ಲಿ ನಾನೂ ಒಬ್ಬಳು ಎನ್ನುವುದು ಮಾತ್ರ ಚೆನ್ನಾಗಿ ತಿಳಿದಿತ್ತು.

ಮೂರನೇ ದಿನ, ಸಭೆ

ಸಭೆಯಲ್ಲಿ ಇಪ್ಪತ್ತು ಜನರಿದ್ದರು. ಮೊದಲ ಮೂರು ಸ್ಲೈಡನ್ನು ನಿಧಾನವಾಗಿ ಓದಿದೆ. ನಾಲ್ಕನೆಯದರಲ್ಲಿ ನಮ್ಮ ವಠಾರದ ಫೋಟೊ, ಅದರ ಕೆಳಗೆ: ವಠಾರಗಳಲ್ಲಿ ನೀರಿನ ಬಗ್ಗೆ ದೂರುಗಳಿಲ್ಲ. ಅಲ್ಲಿ ನಿಂತುಬಿಟ್ಟೆ.

"ಇದನ್ನು ಓದಲು ನನಗೆ ಆಗುವುದಿಲ್ಲ" ಎಂದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಹೆದರಿದಾಗ ಅದೂ ಕಡಿಮೆಯಾಗುತ್ತದೆ. ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುವವರು ಯಾರು, ವಾಲ್ವು ಯಾರ ಮನೆಯಲ್ಲಿರುತ್ತದೆ, ನಾನು "ಇಲ್ಲ" ಎಂದು ಬರೆದದ್ದು ಹೇಗೆ, ಇದನ್ನೆಲ್ಲ ನನಗೆ ಬಂದ ಪದಗಳಲ್ಲಿ ಹೇಳಿದೆ. ನಿನ್ನೆ ಊಟದ ಕೋಣೆಯಲ್ಲಿ ನಾನೇ ಐದು ಕೊಟ್ಟದ್ದನ್ನೂ ಹೇಳಿದೆ.

ಆಮೇಲೆ ಯಾರೂ ಮಾತಾಡಲಿಲ್ಲ. ನಮ್ಮ ಕಡೆ ಸಭೆ ಸುಮ್ಮನಾದರೆ ಅದಕ್ಕೊಂದು ಅರ್ಥವಿರುತ್ತದೆ. ಇವರು ಸಾಮಾನ್ಯವಾಗಿಯೇ ಸುಮ್ಮನಿರುವ ಜನ. ಸಿಟ್ಟೋ, ಯೋಚನೆಯೋ, ಹಸಿವೋ ಹೇಗೆ ತಿಳಿಯಬೇಕು? ಕೊನೆಗೆ ಹಿಂದಿನ ಸಾಲಿನಿಂದ ಬಿಳಿ ಗಡ್ಡದವರೊಬ್ಬರು ಕೇಳಿದರು: "ಹಾಗಾದರೆ ವಠಾರದ ಹಾಳೆಗಳಲ್ಲಿ ಯಾವುದನ್ನು ನಂಬಬಹುದು?"

"ನಾನು ತುಂಬಿದ್ದರಲ್ಲಿ ಒಂದನ್ನೂ ಬೇಡ" ಎಂದೆ.

ಇಂಗ್ರಿಡ್ ಮುಖ ಕೆಂಪಾಗಿತ್ತು. ನಗುವ ಕೆಂಪಲ್ಲ. ಅವರ ಲೇಖನ ಪೂರ್ತಿ ಆ ಹಾಳೆಗಳ ಮೇಲೆ ನಿಂತಿತ್ತು. ಅವರು ನನ್ನನ್ನು ನೋಡದೆ ಮೇಜು ನೋಡಿಕೊಂಡು ಕೇಳಿದರು: "ನಿಮ್ಮಲ್ಲಿ ಒಬ್ಬ ಹೆಂಗಸನ್ನು ಒಂಟಿಯಾಗಿ ಎಲ್ಲಿ ಮಾತಾಡಿಸಬಹುದು?"

ಸರಿಯಾದ ಪ್ರಶ್ನೆ. ರೂಮಿನಲ್ಲಿ ಗಂಡ, ಮಕ್ಕಳು, ನಾದಿನಿ. ಅಂಗಳದಲ್ಲಿ ಓನರ್. ಬಚ್ಚಲಿನ ಮುಂದೆ ಸಾಲು. ಶೆಡ್ಡಿನಲ್ಲಿ ಸೂಪರ್‌ವೈಸರ್. ಸ್ವೀಡನ್ನಿನ ರೈಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಜೋಡಿ ಸೀಟು ಇರುವಾಗ, ಬಸಮ್ಮ ಒಬ್ಬಳೇ ಇರುವ ಜಾಗ ಎಲ್ಲಿದೆ ಎಂದು ನಿಂತಲ್ಲೇ ಹುಡುಕಿದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯೊಂದೇ ನೆನಪಿಗೆ ಬಂತು.

"ನಡೆಯುವಾಗ" ಎಂದೆ. "ಅವರ ಜೊತೆ ನಡೆದುಕೊಂಡು ಹೋಗಬೇಕು."

ಅದನ್ನು ಯಾರೋ ಬರೆದುಕೊಂಡರು. ಬೀದಿಗಳ ಪಟ್ಟಿಯನ್ನು ಆ ದಿನ ಮುಗಿಸಲಿಲ್ಲ. ವಠಾರಗಳನ್ನು ಮತ್ತೆ ಕೇಳಿ ಬರಲು ಒಂದು ತಿಂಗಳು ಕೊಟ್ಟರು. ಮುಂದಿನ ಪ್ರಾಜೆಕ್ಟಿನ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಫಿಯ ಹೊತ್ತಿನಲ್ಲಿ ಇಂಗ್ರಿಡ್ ನನಗೆ ಒಳ್ಳೆಯ ಪ್ರಯಾಣವಾಗಲಿ ಎಂದರು, ಪ್ರಯಾಣಕ್ಕೆ ಇನ್ನೂ ಒಂದು ದಿನ ಬಾಕಿ ಇತ್ತು.

ಮರುದಿನ ಬೆಳಿಗ್ಗೆ ಬಾಗಿಲ ಕೆಳಗೆ ಒಂದು ಚೀಟಿ ಬಂದಿತ್ತು. ಆ ದೇಶದ ಪದ್ಧತಿ ನನಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಬಯ್ಯುವುದಿದ್ದರೆ ಚೀಟಿ, ಮನಸ್ಸಿನ ಮಾತಿದ್ದರೂ ಚೀಟಿ. ಇಂಗ್ರಿಡ್ ಬರೆದಿದ್ದರು: ನಿನ್ನೆ ನನಗೆ ಸಿಟ್ಟು ಬಂದಿತ್ತು. ಇವತ್ತೂ ಸ್ವಲ್ಪ ಇದೆ. ನೀವು ಹೇಳಿದ್ದು ಸರಿ. ಹೀಟರ್ ರಿಪೇರಿ ಮಾಡುವವರು ಹತ್ತು ಗಂಟೆಗೆ ಬರುತ್ತಾರೆ.

ಅವರು ಸರಿಯಾಗಿ ಹತ್ತಕ್ಕೆ ಬಂದರು. ಕೊನೆಯ ಒಂದು ದಿನ ನಾನು ಸ್ವೆಟರ್ ಇಲ್ಲದೆ ಮಲಗಿದೆ.

ಮತ್ತೆ ಪೀಣ್ಯ

ಬಂದು ಎರಡು ದಿನಕ್ಕೆ ಪ್ರಕಾಶ್ ಸಾರ್ ಮನೆಗೆ ಹೋದೆ. ನೋಡಿದ ಕೂಡಲೇ "ಮಾಡಿದ್ರಲ್ಲ ನೀವು ಅಂದ್ಕೊಂಡಿದ್ದನ್ನ" ಎಂದರು. ಆಮೇಲೆ ಹೊಸ ಹಾಳೆಗಳನ್ನು ತಮ್ಮ ಕೈಯಿಂದಲೇ ಎಣಿಸಿ ಕೊಟ್ಟರು. ಕೋಪ ಪೂರ್ತಿ ಇಳಿದಿರಲಿಲ್ಲ, ಇವತ್ತಿಗೂ ಒಂದು ಪಾಲು ಉಳಿದಿದೆ. ಮುಂದಿನ ಪ್ರಾಜೆಕ್ಟ್ ನಮಗೆ ಬರಲಿಲ್ಲ. ಎಂಟು ಜನರಲ್ಲಿ ಇಬ್ಬರು ಬೇರೆ ಕೆಲಸ ಹುಡುಕಿಕೊಂಡರು. ಅವರಲ್ಲೊಬ್ಬಳು ನನ್ನ ಜೊತೆ ಈಗಲೂ ಸರಿಯಾಗಿ ಮಾತಾಡುವುದಿಲ್ಲ. ಇದನ್ನು ಬಿಟ್ಟು ಬರೆದರೆ ಕಥೆ ಚೆಂದವಾಗುತ್ತಿತ್ತು, ಆದರೆ ಆದದ್ದು ಹೀಗೆ.

ಮನೆಯಲ್ಲಿ ಅತ್ತೆಗೆ ವಿಷಯ ಹೇಳಿದೆ. ಓನರ್ ಮುಂದೆ ಬಾಡಿಗೆಯವರು ನಿಜ ಹೇಳುವುದಿಲ್ಲ ಎಂದೆ. ಅವರಿಗೆ ಬಹಳ ಬೇಜಾರಾಯಿತು. "ನಾನೇನ್ ಅವರ ಬಾಯಿಗೆ ಬಟ್ಟೆ ತುರುಕಿದ್ನೇನೇ? ನಮ್ಮನೇ ಮಕ್ಕಳಂಗೆ ನೋಡ್ಕಂಡಿವ್ನಿ. ಎಂಗೆ ಕೇಳಿದ್ರೂ ಅಂಗೇ ಯೋಳ್ತಾರೆ ತಗಾ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬಾಡಿಗೆಯವರಿಗೆ ಜ್ವರ ಬಂದರೆ ಗಂಜಿ ಮಾಡಿ ಕೊಡುವವರೂ ಅವರೇ, ವಾಲ್ವು ತಿರುಗಿಸಿ ನಿಲ್ಲಿಸುವವರೂ ಅವರೇ.

ಟ್ಯಾಂಕು ಕೊನೆಗೆ ಬಂತೇ ಎಂದು ಕೇಳುವವರಿಗೆ: ಬಂತು. ಬಸಮ್ಮನ ಬೀದಿಯೂ ಸೇರಿ ವಠಾರಗಳ ಎರಡು ಬೀದಿಗಳು ಪಟ್ಟಿಗೆ ಸೇರಿದವು. ಆದರೆ ಅದಕ್ಕಿಂತ ಮೊದಲಿನ ಒಂದು ಬೆಳಿಗ್ಗೆಯನ್ನು ಹೇಳದೆ ಈ ಪ್ರವಾಸ ಮುಗಿಯುವುದಿಲ್ಲ.

ಕೆಲಸಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಬೀದಿಯ ತಿರುವಿನಲ್ಲಿ ನಿಂತಿದ್ದೆ. ಬಸಮ್ಮ ಊಟದ ಡಬ್ಬಿಯ ಚೀಲ ಹಿಡಿದು ಬಿರಬಿರನೆ ಬಂದಳು. ನನ್ನ ಗುರುತು ಸಿಕ್ಕಿತು, ಆದರೆ ನಿಲ್ಲಲಿಲ್ಲ. ನಾನೂ ಜೊತೆಗೆ ಹೆಜ್ಜೆ ಹಾಕಿದೆ. ಎರಡೂ ಕಡೆ ಶೆಡ್ಡುಗಳ ಷಟರ್ ಏಳುತ್ತಿದ್ದವು. ರಸ್ತೆಯ ಮಗ್ಗುಲಲ್ಲಿ ಲೇತ್‌ನಿಂದ ಬಂದ ಕಬ್ಬಿಣದ ಸುರುಳಿಗಳು ಬಿದ್ದಿದ್ದವು, ಚಪ್ಪಲಿ ನೋಡಿ ಇಡಬೇಕಿತ್ತು. ಹಾಳೆಯನ್ನು ಚೀಲದಿಂದ ತೆಗೆಯಲಿಲ್ಲ.

"ಬಸಮ್ಮ, ಹೋದ ಸಲ ನೀರಿನ ವಿಷಯ ಕೇಳಿದ್ನಲ್ಲ, ಸಾಕಾಗುತ್ತೆ ಅಂದ್ರಿ. ಅದನ್ನೇ ಇನ್ನೊಂದ್ಸಲ ಕೇಳೋಣ ಅಂತ ಬಂದೆ. ಇಲ್ಲಿ ಯಾರೂ ಇಲ್ಲ, ನಾವಿಬ್ರೇ."

ಆಕೆ ತಿರುಗಿ ನೋಡಿದಳು. ಹಿಂದೆ ಒಮ್ಮೆ, ಮುಂದೆ ಒಮ್ಮೆ. ಆಮೇಲೆ ನನ್ನ ಮುಖವನ್ನು ನೋಡಿದಳು. ಆಕೆಯ ಮುಖದಲ್ಲಿ ಕೋಪವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ನಿಜವಾಗಿಯೂ ಆಶ್ಚರ್ಯ ಇತ್ತು.

"ಅವತ್ತು ನೀವು ನನ್ನ ಕೇಳಿದ್ರೇನ್ರಿ ಮೇಡಂ?" ಎಂದಳು. "ನೀವು ಓನರ್ ಅಮ್ಮಾರ ಮುಖಾ ನೋಡ್ಕೋತ ಕೇಳಾಕತ್ತಿದ್ರಿ. ಅವ್ರನ್ನ ಕೇಳಾಕತ್ತೀರಿ ಅಂತ ತಿಳ್ಕೊಂಡು, ಅವ್ರು ಏನ್ ಹೇಳ್ತಿದ್ರೋ ಅದನ್ನ ನಾ ಹೇಳಿದ್ನಿರಿ."

ನಾಲ್ಕು ಹೆಜ್ಜೆ ಬೇಗ ಹಾಕಿ ಆಕೆಯ ಸಮಕ್ಕೆ ಬಂದೆ.

"ಈಗ ನಿಮ್ಮನ್ನೇ ಕೇಳ್ತಿದೀನಿ" ಎಂದೆ, ಆಕೆಯ ಮುಖವನ್ನೇ ನೋಡಿಕೊಂಡು. "ನೀರು ಸಾಕಾಗುತ್ತಾ?"

ಬಸಮ್ಮ ಡಬ್ಬಿಯ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೇಳಲು ಶುರು ಮಾಡಿದಳು. ಶೆಡ್ಡಿನ ಗೇಟು ಬಂದಾಗ ಆಕೆ ಇನ್ನೂ ಮೊದಲನೇ ಪ್ರಶ್ನೆಗೇ ಉತ್ತರ ಹೇಳುತ್ತಿದ್ದಳು.